ಯಾವ ಕೊರತೆಯೂ ಇಲ್ಲ

ಶಿವಾರಪಟ್ಟಣ
೧೨ ನವೆಂಬರ್ ೨೦೨೫

ತಾಯಲೂರಿನಲ್ಲಿ ಮಲಗಿ ಸುಧಾರಿಸಿಕೊಳ್ಳುತ್ತಿರುವ ನಮ್ಮ ಮೌನಿಕಾಗೆ,

ನಿನ್ನ ಶಿವಾರಪಟ್ಟಣದ ಅವ್ವ ಮನಸಾರೆ ಮಾಡುವ ಆಶೀರ್ವಾದ. ಜ್ವರ ಪೂರ್ತಿ ಬಿಟ್ಟಿತೇ? ನಾಲಗೆಗೆ ರುಚಿ ಬಂತೇ? ಅಮ್ಮ ಕೊಟ್ಟದ್ದನ್ನು ಕೊಸರಾಡದೆ ತಿನ್ನು. ನನ್ನ ಹತ್ತಿರ ಮಾಡುತ್ತಿದ್ದ ಹಾಗೆ "ಸಾಕವ್ವ, ಸಾಕವ್ವ" ಎಂದು ತಟ್ಟೆಗೆ ಕೈ ಅಡ್ಡ ಹಿಡಿಯಬೇಡ.

ಇಷ್ಟು ದಿನ ಬರೆಯಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ರಾಗಿ ಕೊಯ್ಲು ಶುರುವಾಗಿದೆ, ಕೈ ಬಿಡುವಿಲ್ಲ ಎಂದು ಹೇಳಬಹುದು, ಅದೂ ಸುಳ್ಳಲ್ಲ. ಆದರೆ ಅಸಲು ಸಂಗತಿ ಎಂದರೆ ಏನು ಬರೆಯಬೇಕೋ ತೋಚಲಿಲ್ಲ. ಫೋನು ಮಾಡಿದರೆ ನಿನ್ನ ತಾತ "ಸ್ಪೀಕರ್ ಹಾಕೇ" ಎಂದು ಪಕ್ಕಕ್ಕೇ ಬಂದು ಕೂರುತ್ತಾರೆ. ನೀನು "ಚೆನ್ನಾಗಿದ್ದೀನವ್ವ" ಅನ್ನುತ್ತೀಯ, ನಾನು "ನಾವೂ ಚೆನ್ನಾಗಿದ್ದೀವಿ" ಅನ್ನುತ್ತೇನೆ, ಅವರು "ಊಟ ಆಯ್ತೇನಮ್ಮ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಕಾಗದವಾದರೆ ಮಧ್ಯೆ ಬಾಯಿ ಹಾಕುವವರಿಲ್ಲ ಎಂದುಕೊಂಡು ಕೂತೆ. ಆ ಆಸೆಯೂ ಹೋಯಿತು. ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಾರೆ, ಬರೆದು ಮುಗಿಸಿದ ಮೇಲೆ ಓದಿ ಹೇಳಬೇಕಂತೆ. "ನನ್ನ ಬಗ್ಗೆ ಏನ್ ಬರೀತೀಯೋ ನೋಡ್ಬೇಕು" ಎಂದರು. ಬೈದೇ ಬರೆಯುತ್ತೇನೆ, ಕೇಳಿಸಿಕೊಳ್ಳಿ ಎಂದೆ. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಬೈಗುಳ ಅವರಿಗೆ ಹೊಸದಲ್ಲ.

ನಿನ್ನ ಜೊತೆ ಫಿಸಿಯೋಥೆರಪಿ ಓದುವ ಕದಿರೇಶ್ ಮೊನ್ನೆ ಫೋನು ಮಾಡಿದ್ದ. ಮಿಕ್ಕಿರುವ ತಿಂಗಳುಗಳ ಹಳ್ಳಿ ಪೋಸ್ಟಿಂಗನ್ನು ಎಲ್ಲಿ ಮುಗಿಸುತ್ತೀಯ ಎಂದು ಕಾಲೇಜಿನವರು ನಿನ್ನನ್ನೇ ಕೇಳಿದ್ದಾರಂತೆ. ಮತ್ತೆ ಶಿವಾರಪಟ್ಟಣಕ್ಕೇ ಬರಬಹುದು, ಇಲ್ಲ ಶ್ರೀನಿವಾಸಪುರದ ಕಡೆ ಅವನಿರುವ ಕೇಂದ್ರಕ್ಕೆ ಹೋಗಬಹುದು. ತಿಂಗಳು ಮುಗಿಯುವುದರೊಳಗೆ ಹೇಳದಿದ್ದರೆ, ಅಥವಾ ಹೇಳಿದ ಮೇಲೆ ಮತ್ತೆ ನಡುವೆ ಬಿಟ್ಟರೆ, ಇಡೀ ವರ್ಷ ಹೋಗುತ್ತದಂತೆ. ಅಲ್ಲಿ ನಿಮಗೆಂದೇ ಕ್ವಾರ್ಟರ್ಸ್ ಇದೆಯಂತೆ, ಒಳಗೇ ಬಚ್ಚಲು, ಬಾಗಿಲಿಗೆ ಒಳ್ಳೆಯ ಚಿಲಕ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಲು ಕಾಲೇಜಿನ ವ್ಯಾನು ದಿನಾ ಬರುತ್ತದಂತೆ. ಊರಿಗೆ ಹೋಗಿಬರಲು ರಜೆಯನ್ನೂ ಕೊಡುತ್ತಾರಂತೆ. "ಮೌನಿಕಾ ಏನೂ ಹೇಳ್ತಾ ಇಲ್ಲಮ್ಮ, ಶಿವಾರಪಟ್ಟಣದ ತಾತ ಏನಂತಾರೋ ಅಂತ ಯೋಚನೆ ಮಾಡ್ತಾ ಇದ್ದಾಳೆ" ಎಂದ. ಆ ಮಾತು ಕೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಆ ವ್ಯಾನು ಶ್ರೀನಿವಾಸಪುರಕ್ಕೆ ಹೇಗೆ ಹೋಯಿತು ಎಂದು ನೀನು ನಮ್ಮನ್ನು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ನಿಮ್ಮ ಕಾಲೇಜಿನ ಮೇಡಂ ಇಲ್ಲಿಗೆ ಬಂದ ದಿನ ನೀನು ಕಾಡಂಚಿನ ಆ ಹಳ್ಳಿಯಲ್ಲಿ ಸೊಂಟ ಮುರಿದುಕೊಂಡ ಮುದುಕಿಯನ್ನು ನಡೆಸಲು ಹೋಗಿದ್ದೆ. ಇಲ್ಲಿ ಏನಾಯಿತು ಎಂದು ನಾನೇ ಹೇಳುತ್ತೇನೆ.

ನಮ್ಮಲ್ಲಿ ಹೆಣ್ಣು ನೋಡಲು ಬರುತ್ತಾರೆ ಎಂದರೆ ಅಕ್ಕಪಕ್ಕದ ಮನೆಯ ಕುರ್ಚಿ, ಹೊಸ ಲೋಟ, ಗೋಡೆ ಗಡಿಯಾರ ಎಲ್ಲ ಹೆಣ್ಣಿನ ಮನೆಗೆ ಬಂದು ಸೇರಿಕೊಳ್ಳುತ್ತವೆ. ಯಾರೂ ಕೇಳಬೇಕಾಗಿಲ್ಲ, ಅವರವರೇ ತಂದಿಡುತ್ತಾರೆ. ನಾಲ್ಕು ಜನರ ಎದುರು ಊರಿನ ಹುಡುಗಿ ಕಡಿಮೆಯಾಗಿ ಕಾಣಬಾರದಲ್ಲ. ನಿಮ್ಮ ಕಾಲೇಜಿನ ಮೇಡಂ ಬರುತ್ತಾರೆ, ಹುಡುಗಿ ಎಲ್ಲಿ ಇದ್ದಾಳೆ, ಹೇಗಿದ್ದಾಳೆ ಎಂದು ನೋಡುತ್ತಾರೆ ಎಂದು ಪಂಚಾಯಿತಿಯಿಂದ ಸುದ್ದಿ ಬಂದ ಬೆಳಿಗ್ಗೆಯೂ ಹಾಗೇ ಆಯಿತು. ಎದುರುಮನೆಯ ಮುನಿಯಲ್ಲಪ್ಪ ಮೊಮ್ಮಗಳು ಓದುವ ಮೇಜನ್ನು ಹೊತ್ತು ತಂದ. ದೊಡ್ಡಮುನಿಯಮ್ಮ ಸೊಸೆಯ ಫ್ಯಾನು ತಂದಳು, ಅದರ ಜೊತೆಗೆ ನವಿಲಿನ ಚಿತ್ರದ ಹೊಸ ಬೆಡ್‌ಶೀಟು. ಯಾರೋ ಬಕೆಟ್ಟು, ಯಾರೋ ಕನ್ನಡಿ. ನಿನ್ನ ಕೋಣೆಯ ಮೂಲೆಯಲ್ಲಿ ತಾತ ಮೂರ್ತಿ ಕೆತ್ತಲೆಂದು ಇಟ್ಟಿದ್ದ ಕಲ್ಲುಗಳನ್ನು, ಸಿಮೆಂಟಿನ ಚೀಲಗಳನ್ನು ಹಿತ್ತಲಿಗೆ ಸಾಗಿಸಿದರು. ನಾನೂ ಖುಷಿಯಾಗಿಯೇ ಗುಡಿಸಿ ಸಾರಿಸಿದೆ, ಬಾಗಿಲಿಗೆ ರಂಗೋಲಿ ಹಾಕಿದೆ. ನೀನು ದಿನಾ ಮೈಮೇಲಿನ ಕಲ್ಲಿನ ಪುಡಿ ಕೊಡವಿಕೊಂಡು ಏಳುತ್ತಿದ್ದ ಕೋಣೆ ಅದೇನಾ ಎಂದು ನನಗೇ ಅನುಮಾನ ಬರಬೇಕು, ಹಾಗಾಗಿತ್ತು.

ಮೇಡಂ ಒಳ್ಳೆಯವರು, ಸುಳ್ಳು ಹೇಳಬಾರದು. ಚಪ್ಪಲಿ ಹೊರಗೆ ಬಿಟ್ಟು ಬಂದರು. ಕೋಣೆಯ ಫೋಟೋ ತೆಗೆದುಕೊಂಡರು. ಜಗಲಿಯ ಮೇಲೆ ಕೂತು, "ಇಷ್ಟು ದಿನ ಇರೋಕೆ ಬಂದಿರೋ ಮಕ್ಕಳು. ಇರೋಕೆ ಜಾಗ, ಓಡಾಡೋಕೆ ವ್ಯಾನು, ಇನ್ನೊಂದು ಮತ್ತೊಂದು, ನಮ್ಮ ಕೈಲಿ ಆಗೋದು ಸ್ವಲ್ಪ. ಎಲ್ಲಿ ಕಷ್ಟ ಜಾಸ್ತಿ ಇದೆಯೋ ಅಲ್ಲಿಗೆ ಕೊಡ್ತೀವಿ. ಇಲ್ಲಿ ತುಂಬಾ ತೊಂದರೆ ಅಂತ ಮೌನಿಕಾ ಹೇಳಿದ್ದಾಳೆ. ಸಂಕೋಚ ಬೇಡ, ಇರೋದನ್ನ ಹೇಳಿ" ಎಂದರು.

ತೊಂದರೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಿನ್ನ ತಾತನ ಮುಖ ಕೆಂಪಾಯಿತು. ನಿನ್ನನ್ನು ಮೊದಲು ಹಾಲಿನ ಡೈರಿಯ ಮೇಲಿನ ರೂಮಿನಲ್ಲಿ ಇಟ್ಟಿದ್ದಾಗ "ಹಾಲಿನ ಕ್ಯಾನ್ ಜೊತೆ ಮಲಗೋಕೆ ಬಂದಿದ್ದೀಯೇನಮ್ಮ, ನಡಿ ನಮ್ಮನೆಗೆ" ಎಂದು ಟ್ರಂಕು ಹೊರಿಸಿಕೊಂಡು ಬಂದವರು ಅವರೇ ಅಲ್ಲವೇ? ನಮ್ಮ ಮನೆಯಲ್ಲಿ ಹುಡುಗಿಗೆ ತೊಂದರೆ ಎಂದರೆ ಅವರಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಮೇಡಂ ನನ್ನ ಕಡೆ ತಿರುಗಿ "ನೀರಿಗೆ ಹೇಗಮ್ಮ?" ಎಂದರು. ನಲ್ಲಿ ದಿನಬಿಟ್ಟು ದಿನ ಬರುತ್ತದೆ, ಬಾರದ ದಿನ ಹುಡುಗಿ ಬೋರಿನಿಂದ ಹೊರುತ್ತಾಳೆ, ನನ್ನ ಮಂಡಿ ನೋವು ನೋಡಿ ನನ್ನ ಕೊಡವನ್ನೂ ಅವಳೇ ಹೊರುತ್ತಾಳೆ ಎನ್ನಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಇವರು, "ನೀರಿಗೇನ್ ಮೇಡಂ! ಮನೆ ಮಗಳ ಕೈಲಿ ಯಾರಾದ್ರೂ ನೀರು ಹೊರಿಸ್ತಾರಾ?" ಎಂದರು.

ಆಮೇಲೆ ಒಬ್ಬರನ್ನೊಬ್ಬರು ಮೀರಿಸಲು ಹೊರಟರು. "ವ್ಯಾನ್ ಯಾಕೆ ಮೇಡಂ, ನಮ್ಮ ಹುಡುಗರ ಬೈಕ್ ಇಲ್ವಾ? ಎಲ್ಲಿಗೆ ಅಂದ್ರೆ ಅಲ್ಲಿಗೆ ಬಿಟ್ಟು ಬರ್ತಾರೆ" ಎಂದು ಮುನಿಯಲ್ಲಪ್ಪ. "ನಮ್ಮೂರಿಗೆ ಬಂದ ಮಗು ಬೇರೆಯವರ ಹತ್ರ ಕೈ ಚಾಚ್ಬೇಕಾ?" ಎಂದು ದೊಡ್ಡಮುನಿಯಮ್ಮ. ಕೊನೆಗೆ ನಿನ್ನ ತಾತ ಶಾಲಿನೊಳಗಿಂದ ಬಲಗೈ ಹೊರಗೆ ತೆಗೆದರು. ಲಕ್ವ ಹೊಡೆದಾಗಿನಿಂದ ಮುಷ್ಟಿ ಕಟ್ಟಿಕೊಂಡೇ ಇದ್ದ ಕೈ. ನೀನು ಅಳಗುಳಿಮಣೆ ಮುಂದಿಟ್ಟು, ಒಂದೊಂದು ಹುಣಸೆ ಬೀಜ ಎತ್ತಿ ಹಾಕಿಸಿ ಹಾಕಿಸಿ ಹದಕ್ಕೆ ತಂದಿದ್ದ ಕೈ. "ಹೆಂಗಸರ ಆಟ ಆಡಿಸ್ತಾಳೆ ನೋಡೇ, ಮೂರ್ತಿ ಕೆತ್ತೋನ ಕೈಲಿ" ಎಂದು ರೇಗುತ್ತಲೇ ಆಡುತ್ತಿದ್ದರಲ್ಲ. ಆ ಕೈಯ ಬೆರಳುಗಳನ್ನು ಮೇಡಂ ಎದುರು ಮೆಲ್ಲಗೆ ಬಿಚ್ಚಿ ತೋರಿಸಿ, "ಇದು ಅವಳು ಕೊಟ್ಟ ಕೈ. ಅವಳಿಗೆ ನಾವು ಕಡಿಮೆ ಮಾಡ್ತೀವಾ? ಯಾವ ಕೊರತೆಯೂ ಇಲ್ಲ ಮೇಡಂ" ಎಂದರು. ಮೇಡಂ ಕಣ್ಣಲ್ಲಿ ನೀರು ಬಂತು. ನಾನು ಒಳಗೆ ಹೋಗಿ ಕಾಫಿ, ಕೋಡುಬಳೆ ತಂದಿಟ್ಟೆ. ಬಂದವರ ಎದುರು ಯಜಮಾನರ ಮಾತು ಕತ್ತರಿಸುವುದು ನಮಗೆ ಅಭ್ಯಾಸವಿಲ್ಲ. ಆವತ್ತು ಕತ್ತರಿಸಬೇಕಿತ್ತು.

ನೀನು ಬಿಸಿಲಲ್ಲಿ ನಡೆದು ಬರುವ ಹೊತ್ತಿಗೆ ಅವರು ಕಾರು ಹತ್ತುತ್ತಿದ್ದರು. "ನೀನು ಹೇಳಿದ್ದಕ್ಕೂ ಇಲ್ಲಿ ಇರೋದಕ್ಕೂ ಸಂಬಂಧವೇ ಇಲ್ಲವಲ್ಲ ಮೌನಿಕಾ? ಹೀಗೆಲ್ಲ ಹೇಳಬಾರದು" ಎಂದರು. ಅಷ್ಟು ಜನರ ಎದುರು ನೀನು ಸುಳ್ಳುಗಾತಿಯಾಗಿ ನಿಂತೆ. ನಮ್ಮ ಕಡೆ ಒಂದು ಸಲ ನೋಡಿದೆ ಅಷ್ಟೆ. ಕಾರು ಹೋದ ಮೇಲೆ ಮುನಿಯಲ್ಲಪ್ಪ ಬಂದು, ಮೊಮ್ಮಗಳಿಗೆ ಹೋಂವರ್ಕ್ ಇದೆ ಎಂದು ಮೇಜು ಎತ್ತಿಕೊಂಡ. ಅವನಿಗೆ ಬಾಗಿಲು ಹಿಡಿದುಕೊಂಡು ನಿಂತವಳು ನೀನೇ. ಸಂಜೆಯೊಳಗೆ ಫ್ಯಾನು, ಬಕೆಟ್ಟು, ಕನ್ನಡಿ, ನವಿಲು ಎಲ್ಲ ಅವರವರ ಮನೆ ಸೇರಿದವು, ಕಲ್ಲುಗಳು ಕೋಣೆಗೆ ವಾಪಸ್ಸು ಬಂದವು.

ಆಮೇಲೆ ಆದದ್ದು ನಿನಗೇ ಗೊತ್ತು. ಅಪರೂಪಕ್ಕಾದರೂ ಬರುತ್ತಿದ್ದ ವ್ಯಾನು ನಿಂತೇಹೋಯಿತು. ಊರಿನವರೇ ಎಲ್ಲ ನೋಡಿಕೊಳ್ಳುತ್ತಾರೆ ಎಂದು, ನಿನಗೆ ಕೊಡಬೇಕೆಂದಿದ್ದ ಅನುಕೂಲವನ್ನೆಲ್ಲ ಶ್ರೀನಿವಾಸಪುರಕ್ಕೆ ಕೊಟ್ಟರು. ಅಲ್ಲಿನ ಜನ "ನಮ್ಮ ಕೈಲಿ ಆಗಲ್ಲ, ಹುಡುಗರಿಗೆ ಕಷ್ಟ ಆಗ್ತಿದೆ" ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದ್ದರಂತೆ. ಎಂಥ ಜನರಪ್ಪ, ಸ್ವಲ್ಪವೂ ನಾಚಿಕೆಯಿಲ್ಲದೆ ಎಂದು ಆಗ ನಾನೇ ಆಡಿಕೊಂಡಿದ್ದೆ. ಈಗ ಅವರಿಗೆ ದೂರದಿಂದಲೇ ಕೈ ಮುಗಿಯಬೇಕು ಅನ್ನಿಸುತ್ತದೆ. ನಮ್ಮ ಹುಡುಗರ ಬೈಕು? ಒಂದು ದಿನ ಪೆಟ್ರೋಲು ಇಲ್ಲ, ಒಂದು ದಿನ ಟೊಮೆಟೊ ಬಾಕ್ಸು ಮಾರ್ಕೆಟ್ಟಿಗೆ ಹೋಗಬೇಕು. ಕೇಳಿ ಕೇಳಿ ಸಾಕಾಗಿ ನೀನು ಕೇಳುವುದನ್ನೇ ಬಿಟ್ಟೆ. ಮಳೆಯಲ್ಲೂ ನಡೆದೆ. ಮೈ ಬಿಸಿಯಿದ್ದ ದಿನವೂ "ಆ ಅಜ್ಜಿ ಕಾಯ್ತಾ ಇರ್ತಾರೆ ಅವ್ವ" ಎಂದು ಹೊರಟೆ. ರಸ್ತೆ ಬದಿಯ ಬಸ್ ಶೆಲ್ಟರಿನಲ್ಲಿ ಮುದುಡಿಕೊಂಡು ಬಿದ್ದಿದ್ದೆ ಎಂದು ಹಾಲಿನ ಗಾಡಿಯವನು ಬಂದು ಹೇಳಿದಾಗ ನನ್ನ ಕೈಯಲ್ಲಿದ್ದ ಮುದ್ದೆ ಕೋಲು ಕೆಳಗೆ ಬಿತ್ತು. ಮಾಲೂರಿನಲ್ಲಿ ತೋರಿಸಿ, ಅಲ್ಲಿಂದ ಕೋಲಾರಕ್ಕೆ ಸಾಗಿಸಿ, ನೀನು ಕಣ್ಣು ಬಿಡುವವರೆಗೆ ನಾನು ಎಷ್ಟು ದೇವರಿಗೆ ಹರಕೆ ಹೊತ್ತೆನೋ ನನಗೇ ನೆನಪಿಲ್ಲ. ಎಲ್ಲ ತೀರಿಸಬೇಕು.

ಇಲ್ಲಿಯವರೆಗೆ ಬರೆದದ್ದನ್ನು ಇವರಿಗೆ ಓದಿ ಹೇಳಿದೆ. ರೇಗುತ್ತಾರೆ ಎಂದುಕೊಂಡಿದ್ದೆ. ರೇಗಲಿಲ್ಲ. "ಅದೇನು ಬೇಕಂತ ಅಂದಿದ್ದಾ? ಮನೆ ಮಾನದ ಮಾತು ಬಂತು, ಅಂದುಬಿಟ್ಟೆ. ಆ ಮಗು ತಲೆ ತಗ್ಗಿಸೋ ಹಾಗಾಯ್ತು. ತಪ್ಪಾಯ್ತು ಅಂತ ಬರಿ" ಎಂದರು. ಬರೆದಿದ್ದೇನೆ. ನಾನು ಕೇಳಿದ ಹಾಗೆ ಅವರ ಬಾಯಲ್ಲಿ ಆ ಮಾತು ಬಂದದ್ದು ಇದೇ ಮೊದಲು.

ಇನ್ನು ಮುಂದಿನದು ಅವರು ಹೇಳಿ ಬರೆಸುತ್ತಿರುವುದು. "ಕೋಣೆಗೆ ಸುಣ್ಣ ಹೊಡೆಸಿದ್ದೀನಿ ಅಂತ ಬರಿ. ಕಲ್ಲೆಲ್ಲ ತೆಗೆಸಿದ್ದೀನಿ, ಇನ್ಮೇಲೆ ಒಂದು ಚೂರೂ ಒಳಗೆ ಇಡಲ್ಲ. ಬೈಕಿಗೆ ಮುನಿಯಲ್ಲಪ್ಪನ ಹತ್ರ ಗಟ್ಟಿಯಾಗಿ ಮಾತಾಡಿದ್ದೀನಿ. ಶ್ರೀನಿವಾಸಪುರಕ್ಕೆ ಯಾಕೆ ಹೋಗ್ಬೇಕು, ಅಲ್ಲಿ ಅವಳಿಗೆ ಯಾರಿದ್ದಾರೆ? ಇಲ್ಲಿಗೇ ಬರಲಿ. ನನ್ನ ಕೈಗೋಸ್ಕರ ಕರೀತಾ ಇಲ್ಲ, ಅದನ್ನ ತಿಳಿಯೋ ಹಾಗೆ ಬರಿ. ಕೈ ಚೆನ್ನಾಗಿದೆ. ಅವಳು ಹೇಳ್ಕೊಟ್ಟಿದ್ದೆಲ್ಲ ದಿನಾ ಮಾಡ್ತಾ ಇದ್ದೀನಿ, ಆಗಲೇ ಉಳಿ ಹಿಡೀತಾ ಇದ್ದೀನಿ ಅಂತ ಬರಿ. ಮನೆಗೆ ಮಗು ಬಂದ ಹಾಗೆ ಬರಲಿ, ಅಷ್ಟೆ."

ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ಈ ಭಾಗವನ್ನೂ ಓದಿಸಿ ಕೇಳಿಸಿಕೊಂಡರು, "ಸರಿಯಾಗಿದೆ" ಎಂದರು.

ನಿಮ್ಮ ಅಪ್ಪ ಅಮ್ಮನಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ಚೆನ್ನಾಗಿ ಉಂಡು, ಚೆನ್ನಾಗಿ ಮಲಗಿ, ಮೊದಲಿನ ಹಾಗೆ ಗಟ್ಟಿಗಿತ್ತಿಯಾಗು. ನಿನ್ನ ಕೈ ಸೋಕಿದವರೆಲ್ಲ ಎದ್ದು ಓಡಾಡಲಿ. ಅದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಗೊತ್ತಿಲ್ಲ.

ನಿನ್ನ ಅವ್ವ,
ಗಂಗರತ್ನಮ್ಮ
(ತಾತ ಶ್ರೀರಾಮಪ್ಪನವರ ಆಶೀರ್ವಾದವೂ ಸೇರಿ)

ಮರೆತದ್ದಲ್ಲ, ಬೇಕೆಂದೇ ಉಳಿಸಿಕೊಂಡದ್ದು:

ಇವರು ಕ್ಷೌರಕ್ಕೆಂದು ಈಗ ಹೊರಗೆ ಹೋದರು. ಬರುವುದರೊಳಗೆ ಬರೆದು ಕವರು ಅಂಟಿಸಬೇಕು.

ಕೈ ಚೆನ್ನಾಗಿಲ್ಲ ಮೌನಿಕಾ. ನೀನು ಹೋದ ಮೇಲೆ ಬೆರಳುಗಳು ಮತ್ತೆ ಒಳಕ್ಕೆ ಮಡಿಸಿಕೊಂಡಿವೆ. ಸ್ನಾನದ ಹೊತ್ತಿನಲ್ಲಿ ಅಂಗೈ ತೊಳೆಯಲು ನಾನೇ ಒಂದೊಂದು ಬೆರಳು ಬಿಡಿಸಬೇಕು. ವ್ಯಾಯಾಮ ಮಾಡಿಸಲು ಹೋದರೆ "ನಿನಗೆ ಗೊತ್ತಾಗಲ್ಲ, ಬಿಡೇ" ಎಂದು ಕೈ ಎಳೆದುಕೊಳ್ಳುತ್ತಾರೆ. ಹೋದ ವಾರ ಯಾರಿಗೂ ಹೇಳದೆ ಕೆತ್ತನೆಯ ಶೆಡ್ಡಿಗೆ ಹೋಗಿ ಉಳಿ ಹಿಡಿಯಲು ನೋಡಿದ್ದಾರೆ. ಅದು ಜಾರಿ ಕಾಲಿನ ಮೇಲೆ ಬಿದ್ದಿದೆ. ನಾನು ಹೋಗಿ ನೋಡಿದಾಗ ಅರ್ಧ ಕೆತ್ತಿದ ಕಲ್ಲಿಗೆ ಒರಗಿಕೊಂಡು ಅಳುತ್ತಿದ್ದರು. ನನ್ನನ್ನು ಕಂಡು "ಕಣ್ಣಿಗೆ ಧೂಳು ಬಿತ್ತು" ಎಂದರು.

ಇದನ್ನು ಓದಿದರೆ ನೀನು ಓಡಿ ಬರುತ್ತೀಯ ಎಂದು ಗೊತ್ತು. ಅದಕ್ಕೇ ಬರೆಯಬಾರದು ಎಂದಿದ್ದೆ. ಆದರೆ ನಿನಗೆ ಇನ್ನೊಂದು ಸುಳ್ಳು ಕಳಿಸಲು ಮನಸ್ಸು ಒಪ್ಪಲಿಲ್ಲ. ನಿಜ ತಿಳಿದ ಮೇಲೂ ನೀನು ಬರಬಾರದು. ಕೈಯ ಚಿಂತೆ ನನಗಿರಲಿ. ಅವರು ಎಷ್ಟು ಬೈದರೂ ಸರಿ, ಬಸ್ಸಿನಲ್ಲಿ ಮಾಲೂರಿಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಸೋಮವಾರ ನಾನೊಬ್ಬಳೇ ಕೋಲಾರಕ್ಕೆ ಹೋಗಿ ನಿಮ್ಮ ಮೇಡಂ ಎದುರು ನಿಂತು, ಹುಡುಗಿ ಹೇಳಿದ್ದೆಲ್ಲ ನಿಜ, ಸುಳ್ಳು ಹೇಳಿದವರು ನಾವು ಎಂದು ಹೇಳುತ್ತೇನೆ. ಅಷ್ಟು ದೊಡ್ಡ ಕಾಲೇಜಿನಲ್ಲಿ ಯಾವ ಬಾಗಿಲು ತಟ್ಟಬೇಕೋ ಗೊತ್ತಿಲ್ಲ, ಯಾರನ್ನಾದರೂ ಕೇಳಿದರಾಯಿತು.

ಇನ್ನೊಂದು ಮಾತು. ನಿನ್ನನ್ನು ಆಸ್ಪತ್ರೆಯಿಂದ ಊರಿಗೆ ಕರೆದೊಯ್ಯಲು ನಿಮ್ಮ ಅಪ್ಪ ಬಂದಿದ್ದರಲ್ಲ, ನೀನು ಕಾರಿನೊಳಗೆ ಕಣ್ಣು ಮುಚ್ಚಿ ಮಲಗಿದ್ದೆ. ಅವರು ನಿನ್ನ ಟ್ರಂಕಿಗೆಂದು ಮನೆಗೆ ಬಂದರು. ಬಾಗಿಲಲ್ಲಿ ನಿಂತು ಕೋಣೆಯನ್ನು ನೋಡಿದರು, ಕಲ್ಲುಗಳನ್ನೂ ನೋಡಿದರು. ನೋಡಿಯೂ ನನಗೆ ಕೈ ಮುಗಿದು, "ಮಾ ಬಿಡ್ಡಕು ಮೀರು ಏಮೀ ತಕ್ಕುವ ಚೇಯಲೇದಮ್ಮಾ" ಎಂದರು. ನಮ್ಮ ಮಗುವಿಗೆ ನೀವು ಏನೂ ಕಡಿಮೆ ಮಾಡಲಿಲ್ಲ, ತಾಯಿ ಎಂದು. ಅವರೂ ನಮ್ಮಂಥವರೇ, ಉಂಡ ಮನೆಯ ಮಾನ ಕಾಯುವವರು. ನಾನು ಆ ಮಾತನ್ನೂ ಕೇಳಿಸಿಕೊಂಡು "ಅಯ್ಯೋ, ಅದೇನು ದೊಡ್ಡ ಮಾತು" ಎಂದೆ. ಆವತ್ತಿನಿಂದ ತುತ್ತು ಬಾಯಿಗಿಡುವಾಗೆಲ್ಲ ಆ ಮುಗಿದ ಕೈ ನೆನಪಾಗುತ್ತದೆ.

ಶ್ರೀನಿವಾಸಪುರಕ್ಕೆ ಹೋಗು ಕಂದ. ನಾಳೆಯೇ ಹೇಳಿಬಿಡು. ನೀನು ಇಲ್ಲಿಗೆ ಬಂದರೆ ಬಾಗಿಲು ತೆಗೆಯುವವಳು ನಾನು. ನಿನ್ನ ಮುಖ ನೋಡಿದ ಮೇಲೆ ಹಿಂದಕ್ಕೆ ಹೋಗು ಅನ್ನುವಷ್ಟು ಗಟ್ಟಿ ಮನಸ್ಸು ನನಗಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಬರಬೇಡ.